ಆರಿಸುವವಳು

ಸ್ಯಾಂಪಲ್ ನೂರ ಹದಿನಾಲ್ಕು.
ಸಣ್ಣತಾಯಮ್ಮ, ನಲವತ್ತೊಂದು, ಹೆಂಗಸು.
ಕಾಯಿಲೆಯ ಕಾಲಂನಲ್ಲಿ ನರ್ಸ್ ಬರೆದದ್ದು
ಎರಡೇ ಪದ: ಬಿಳಿ ಸೆರಗು.
ಎಂಥ ಮರ್ಯಾದಸ್ಥ ಮಾತು!
ಉರಿಗೆ, ಕೆರೆತಕ್ಕೆ, ನಡುರಾತ್ರಿ ಎದ್ದು ಕೂರುವುದಕ್ಕೆ
ಒಂದು ಸೀರೆ ಉಡಿಸಿ
ನಮ್ಮ ಲ್ಯಾಬಿಗೆ ಕಳಿಸಿದ್ದಾರೆ.

ಹತ್ತಿಕಡ್ಡಿ ಗಾಜಿನ ಮೇಲೆ ಉರುಳಿತು.
ಬಣ್ಣ, ಎಣ್ಣೆಯ ಹನಿ, ನೂರರ ಲೆನ್ಸು:
ನೇರಳೆ ಮೊಟ್ಟೆಗಳು, ಮಗ್ಗುಲಿಗೆ ಮರಿಮೊಟ್ಟೆಗಳು,
ಬ್ರೆಡ್ಡು ಉಬ್ಬಿಸುವವರ ದಾಯಾದಿಗಳು.
ಬೆಳಿಗ್ಗೆ ಇನ್‌ಕ್ಯುಬೇಟರ್ ತೆರೆದರೆ ಬೇಕರಿಯದೇ ವಾಸನೆ.
ಹಸಿವಾಗುತ್ತದೆ.
ಯಾರಿಗೂ ಹೇಳಿಲ್ಲ.

ಎರಡು ದಿನಕ್ಕೆ ತಟ್ಟೆ ಹಸಿರಾಯಿತು.
ಒಂದು ಚುಕ್ಕೆ ಎತ್ತಿ ಸೀರಂನಲ್ಲಿ ನೆನೆಸಿದೆ,
ಎರಡು ಗಂಟೆಗೆ ಹೆಸರುಕಾಳಿನಂತೆ ಮೊಳಕೆ.
ಮದ್ದಿನ ಬಿಲ್ಲೆಯ ಸುತ್ತ ಅಗಲವಾದ ಬಯಲು,
ಒಂದು ಹುಳುವೂ ಕಾಲಿಡದ್ದು.
ಆಲ್ಬಿಕನ್ಸ್. ಮದ್ದಿಗೆ ಬಗ್ಗುತ್ತದೆ.
ಬರೆದೆ, ಸಹಿ ಹಾಕಿದೆ, ಟೀ ಕುಡಿದೆ.

ಅವಳು ಮತ್ತೆ ಬಂದಳು. ಮತ್ತೂ ಬಂದಳು.
ಉಷ್ಣ ಅಂದರಂತೆ ಅತ್ತೆ: ಜೀರಿಗೆ ನೀರು, ಎಳನೀರು.
ಬಸ್‌ಸ್ಟ್ಯಾಂಡಿನ ಮೆಡಿಕಲ್‌ನವನು
ಚೀಟಿಯೂ ಕೇಳದೆ ಕೊಟ್ಟ ಗುಳಿಗೆಗಳ
ಒಂಬತ್ತು ಖಾಲಿ ಹಾಳೆ
ಎಲೆಅಡಿಕೆ ಸಂಚಿಯಿಂದ ತೆಗೆದು ಕಿಟಕಿಯಲ್ಲಿಟ್ಟಳು,
ಲೆಕ್ಕ ಒಪ್ಪಿಸುವವಳ ಹಾಗೆ.

ಅವಳದೇ ಹೊಸ ತಟ್ಟೆ
ನನ್ನ ಮೇಜಿನ ಮೇಲೆ ಬಿಸಿಲಿಗೆ ಬಿದ್ದಿತ್ತು.
ಕತ್ತು ಚಾಚಿ ನೋಡಿದಳು.
‘ಅಕ್ಕಾ, ಇದ್ರಾಗೆ ಎರಡು ಗ್ರೇಡ್ ಐತೆ.’
ಏನು?
‘ಹಸಿರು ಒಂದು. ಅದರ ಬುಡದಾಗೆ ಸಣ್ಣವು,
ನಸುಗೆಂಪು. ಆರಿಸ್ದೆ ಬಿಟ್ಟಿದೀರಿ.’

ಬೇಲೂರು ರಸ್ತೆಯ ಕಾಫಿ ಕ್ಯೂರಿಂಗ್‌ನಲ್ಲಿ
ಹತ್ತೊಂಬತ್ತು ವರ್ಷ ಬೀಜ ಆರಿಸಿದ ಕಣ್ಣು.
ಕಪ್ಪು, ಒಡಕು, ಹುಳ ಕೊರೆದದ್ದು, ಒಂಟಿಬೀಜ;
ಒಂದು ಕಪ್ಪು ಉಳಿದರೂ ಮೇಸ್ತ್ರಿ
ಇಡೀ ಮೂಟೆ ಮತ್ತೆ ಸುರಿಸುತ್ತಾನಂತೆ.
ನನ್ನ ಮೂಟೆ ಸುರಿಸುವವರಿಲ್ಲ.
ಮೊದಲ ತಟ್ಟೆ ಆಗಲೇ ಆಟೋಕ್ಲೇವಿನಲ್ಲಿ ಬೆಂದು ಕಸವಾಗಿತ್ತು.
ಅದರಲ್ಲೂ ಇತ್ತೆ ಈ ನಸುಗೆಂಪು?
ನನಗೆ ಹಸಿರು ಕಂಡಿತ್ತು. ಹಸಿರಷ್ಟೇ.

ಸೂಜಿಮೊನೆಯಲ್ಲಿ ಎತ್ತಿ ಬೇರೆ ಬಿತ್ತಿದೆ.
ಸೀರಂನಲ್ಲಿ ಮೂರು ಗಂಟೆ: ಮೊಳಕೆ ಇಲ್ಲ,
ಉಂಡೆ ಉಂಡೆಯಾಗಿಯೇ ಕೂತಿದೆ.
ನೀಲಿ ತಟ್ಟೆಯ ನಡುವೆ ಮದ್ದಿನ ಬಿಲ್ಲೆ;
ಮರುದಿನ ನೋಡಿದರೆ ಬಯಲಿಲ್ಲ, ಬೇಲಿಯಿಲ್ಲ,
ಬಿಲ್ಲೆಯ ಅಂಚಿಗೇ ಬಂದು
ಅಂಗಳದಲ್ಲಿ ಚಾಪೆ ಹಾಸಿದ ಹಾಗೆ ಹಾಸಿಕೊಂಡಿದೆ.

ಗ್ಲಾಬ್ರಾಟಾ.
ಕೆಂಪು ಪೆನ್ನಿನಲ್ಲಿ ಬರೆದೆ: ಬಗ್ಗುವುದಿಲ್ಲ.

ತಿಂಗಳಿಗೊಂದರಂತೆ ಒಂಬತ್ತು ಗುಳಿಗೆ
ಒಳಗೆ ಹೋಗಿ ಏನು ಮಾಡಿದವು ಅಂತ
ಅವಳಿಗೆ ಹೇಳಲು ಕಷ್ಟವಾಗಲಿಲ್ಲ.
ಗುಳಿಗೆಯೂ ಆರಿಸುತ್ತದೆ ತಾಯೀ,
ಮೆತ್ತಗಿನದನ್ನು ತೆಗೆದು ಹಾಕಿ
ಗಟ್ಟಿಗನಿಗೆ ಜಾಗ ಮಾಡಿಕೊಡುತ್ತದೆ.
‘ಹಂಗಾದ್ರೆ ಅದಕ್ಕೆ ಆರಿಸೋಕೆ ಬರಲ್ಲ,’ ಅಂದಳು,
ಹೊಸ ಕೂಲಿಯವಳ ಬಗ್ಗೆ ಹೇಳಿದಷ್ಟೇ ಸಲೀಸಾಗಿ.

ಡಾಕ್ಟರ್ ಸಲ್ಡಾನ ಬೇರೆ ಮದ್ದು ಬರೆದರು, ಬೋರಿಕ್.
‘ನಮ್ಮ ಹುಡ್ಗ ಕೇರಂ ಬೋರ್ಡಿಗೆ ಉದುರಿಸ್ತಾನಲ್ಲ, ಆ ಪುಡೀನಾ?’
ಆ ಜಾತಿಯದೇ, ಆದರೆ ಅದಲ್ಲ, ಇದು ಅಳತೆಯದ್ದು.
ಒಳಗಿಡುವುದು, ನುಂಗುವುದಲ್ಲ.
ನುಂಗುವುದಲ್ಲ, ಮಕ್ಕಳ ಕೈಗೂ ಸಿಗಬಾರದು.
ಮೂರು ಸಲ ಹೇಳಿಸಿಕೊಂಡಳು, ಮೂರನೆಯ ಸಲಕ್ಕೆ ನಕ್ಕಳು.
ಈ ವರ್ಷ ಅವಳು ನಕ್ಕಿದ್ದು ಅದೇ ಮೊದಲೋ ಏನೋ,
ನನಗೆ ಗೊತ್ತಿಲ್ಲ, ನಾನು ನೋಡಿದ್ದು ಮೊದಲು.

ಹೋಗುವ ಮುಂಚೆ ಕಿಟಕಿಗೆ ಬಗ್ಗಿ, ದನಿ ಇಳಿಸಿ:
‘ಆಸ್ಪತ್ರೆಗೆ ಬಂದಿದ್ದೆ ಅಂತ ಒಂದು ಚೀಟಿ ಕೊಡಿ,
ಇಲ್ದಿದ್ರೆ ಅರ್ಧ ದಿನದ ಕೂಲಿ ಮುರೀತಾರೆ.’
ಯಾತಕ್ಕೆ ಅಂತ ಬರೆಯಲಿ?
ಹಿಂದಿನ ಸಾಲು ನೋಡಿದಳು. ಗಂಡಸರಿದ್ದರು.
‘ಕಣ್ಣು ತೋರ್ಸಕೆ ಅಂತ ಬರೀರಿ.’

ಬರೆದೆ. ಮೊಹರು ಒತ್ತಿದೆ.
ರಿಜಿಸ್ಟರಿನಲ್ಲಿ ಸುಳ್ಳು ಬರೆಯುವವಳಲ್ಲ ನಾನು;
ಇದು ಸುಳ್ಳು ಅಂತಲೂ ಅನ್ನಿಸಲಿಲ್ಲ.